ಗುಂಪಿನಲ್ಲಿ ಗೋವಿಂದ: ಫಿಟ್‌ನೆಸ್ ಬ್ಯಾಂಡಿನ ಸಂವಹನ ಮತ್ತು ಖಾಸಗಿತನ

2017ರ ನವೆಂಬರ್‌ನಲ್ಲಿ ವ್ಯಾಯಾಮ ದಾಖಲಿಸುವ ಆ್ಯಪ್ ನಡೆಸುವ ಸ್ಟ್ರಾವಾ ಕಂಪನಿ ತನ್ನ ಬಳಕೆದಾರರು ಓಡಿದ, ಸೈಕಲ್ ತುಳಿದ ಹಾದಿಗಳನ್ನೆಲ್ಲ ಕೂಡಿಸಿ ಜಗತ್ತಿನ ನಕ್ಷೆಯೊಂದನ್ನು ಪ್ರಕಟಿಸಿತು. ಸುಮಾರು ನೂರು ಕೋಟಿ ವ್ಯಾಯಾಮ ದಾಖಲೆಗಳಿಂದ ಮೂಡಿದ ಆ ನಕ್ಷೆಯಲ್ಲಿ ಯಾರ ಹೆಸರೂ ಇರಲಿಲ್ಲ. ಹೆಚ್ಚು ಓಡಾಟವಿದ್ದ ಹಾದಿ ಹೆಚ್ಚು ಹೊಳೆಯುತ್ತಿತ್ತು, ಅಷ್ಟೆ. 2018ರ ಜನವರಿ ಕೊನೆಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿ ನೇಥನ್ ರೂಸರ್ ಅದರಲ್ಲಿ ಬೇರೆಯದನ್ನೇ ಕಂಡರು: ಸಿರಿಯಾ, ಆಫ್ಘಾನಿಸ್ತಾನಗಳ ಕತ್ತಲೆಯ ನಡುವೆ ಸೇನಾ ನೆಲೆಗಳ ಆಕಾರಗಳು. ಸೈನಿಕರು ಬೇಲಿಯ ಒಳಗೆ ಸುತ್ತು ಹಾಕಿದ್ದರು. ಆ ಸುತ್ತುಗಳು ಬೇಲಿಯನ್ನೇ ಬರೆದಿದ್ದವು.

ಇದನ್ನು ಮಾಹಿತಿ ಸೋರಿಕೆ ಎನ್ನುವುದು ವಾಡಿಕೆ. ಆದರೆ ಇಲ್ಲಿ ಸೋರಿದ್ದೇನೂ ಇಲ್ಲ. ಖಾಸಗಿ ಎಂದು ಗುರುತು ಮಾಡಿದ ದಾಖಲೆಗಳನ್ನು ಕಂಪನಿ ಕೈಬಿಟ್ಟಿತ್ತು, ಹೆಸರುಗಳನ್ನು ಅಳಿಸಿತ್ತು. ಹಾಗಾದರೆ ಕೆಟ್ಟದ್ದೆಲ್ಲಿ? ಲಂಡನ್ನಿನ ಉದ್ಯಾನದಲ್ಲಿ ಓಡುವವನ ಜಾಡು ಸಾವಿರ ಜಾಡುಗಳಲ್ಲಿ ಕರಗಿಹೋಗುತ್ತದೆ. ನಾವು ‘ಗುಂಪಿನಲ್ಲಿ ಗೋವಿಂದ’ ಎನ್ನುವುದು ಇದಕ್ಕೇ. ಬ್ಯಾಂಡ್ ಕಟ್ಟಿದವರೇ ಅಪರೂಪವಾದ ಮರುಭೂಮಿಯಲ್ಲಿ ಗುಂಪೂ ಇಲ್ಲ, ಗೋವಿಂದನೂ ಇಲ್ಲ. ಉಳಿಯುವುದು ಒಂದೇ ಗೆರೆ. ಅನಾಮಿಕತೆ ದತ್ತಾಂಶದ ಗುಣವಲ್ಲ, ಸುತ್ತಲಿನ ಜನಸಾಂದ್ರತೆಯ ಗುಣ ಎಂಬುದು ಈ ಲೇಖನದ ವಾದ.

ಸಂವಹನದ ದೃಷ್ಟಿಯಿಂದ ನೋಡಿದರೆ ಪ್ರಶ್ನೆ ಇನ್ನಷ್ಟು ಕುತೂಹಲಕರ. ಬೇಲಿಯೊಳಗೆ ಓಡಿದ ಸೈನಿಕ ಯಾರೊಡನೆ ಮಾತಾಡುತ್ತಿದ್ದ? ಊರಿನ ಗೆಳೆಯರೊಡನೆ, ‘ಇಷ್ಟು ಓಡಿದೆ ನೋಡು’ ಎಂದು. ಖಾಸಗಿತನದ ಚಿಂತಕಿ ಹೆಲೆನ್ ನಿಸೆನ್‌ಬಾಮ್ 2010ರ ತಮ್ಮ ಗ್ರಂಥದಲ್ಲಿ ಖಾಸಗಿತನವನ್ನು ಗುಟ್ಟು ಎಂದು ಕಾಣುವುದಿಲ್ಲ. ಮಾಹಿತಿ ತಾನು ಹುಟ್ಟಿದ ಸಂದರ್ಭದ ರೂಢಿಗೆ ತಕ್ಕಂತೆ ಹರಿಯುವುದೇ ಖಾಸಗಿತನ ಎನ್ನುತ್ತಾರೆ. ಗೆಳೆಯರಿಗೆ ಆಡಿದ್ದು ಅಪರಿಚಿತರ ಕಿವಿಗೆ ಬಿತ್ತು. ಅದಕ್ಕಿಂತ ಮುಖ್ಯವಾಗಿ, ಅಪರಿಚಿತರಿಗೆ ತಲುಪಿದ ವಾಕ್ಯವನ್ನು ಯಾವ ಒಬ್ಬ ಸೈನಿಕನೂ ಆಡಿರಲಿಲ್ಲ. ಎಲ್ಲರ ಹೆಜ್ಜೆ ಸೇರಿ ಅದು ರೂಪುಗೊಂಡಿತ್ತು. (2018ರ ಜುಲೈನಲ್ಲಿ ಬೆಳಕಿಗೆ ಬಂದ, ಇನ್ನೊಂದು ಫಿಟ್‌ನೆಸ್ ಕಂಪನಿ ಪೋಲಾರ್‌ನ ಪ್ರಕರಣ ಇದರ ತಿರುವುಮುರುವು. ಅಲ್ಲಿ ಒಬ್ಬನ ಎಲ್ಲ ಓಟಗಳೂ ಒಂದೇ ನಕ್ಷೆಯಲ್ಲಿ ಸಿಗುತ್ತಿದ್ದವು. ನೆಲೆಯಿಂದ ಹಿಡಿದು ಅವನ ಮನೆಬಾಗಿಲವರೆಗೆ.) ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಾರ್ಯಾಚರಣೆಯ ಪ್ರದೇಶಗಳಲ್ಲಿ ಸ್ಥಳ ಗುರುತಿಸುವ ಸಾಧನಗಳ ಬಳಕೆಯನ್ನು ನಿಷೇಧಿಸಿತು. ಸೇನೆಗೆ ಆದೇಶ ಸಾಕು. ನಾಗರಿಕರಿಗೆ ಕಾನೂನು ಬೇಕು.

ಭಾರತದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸ್ಥಾಪಿಸಿದ 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅನಂತರದ ನಡೆ ಅಷ್ಟು ದಿಟ್ಟವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳು ದೈಹಿಕ, ಮಾನಸಿಕ ಆರೋಗ್ಯದ ವಿವರಗಳನ್ನು ಸೂಕ್ಷ್ಮ ಮಾಹಿತಿ ಎಂದು ಬೇರ್ಪಡಿಸಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ವರ್ಗವನ್ನೇ ಕೈಬಿಟ್ಟಿದೆ. ನಾಡಿಬಡಿತಕ್ಕೂ ಮನೆ ವಿಳಾಸಕ್ಕೂ ಒಂದೇ ತಕ್ಕಡಿ. ಅದಲ್ಲದೆ ಕಾಯ್ದೆ ಕಾಯುವುದು ಗುರುತಿಸಬಹುದಾದ ವ್ಯಕ್ತಿಯ ದತ್ತಾಂಶವನ್ನು ಮಾತ್ರ. ಸ್ಟ್ರಾವಾ ನಕ್ಷೆಯಂಥ ಸಮೂಹಚಿತ್ರ ಅದರ ಬಲೆಯ ಕಣ್ಣಿನಿಂದ ಸಲೀಸಾಗಿ ನುಸುಳುತ್ತದೆ.

2018ರ ಮಾರ್ಚ್‌ನಲ್ಲಿ ಸ್ಟ್ರಾವಾ ನಕ್ಷೆಯನ್ನು ತಿದ್ದಿತು. ಓಟ ವಿರಳವಾದ ಹಾದಿಗಳು ಹಲವು ಬಳಕೆದಾರರು ಅಲ್ಲಿ ಓಡಿದ ಮೇಲಷ್ಟೇ ಕಾಣಿಸಬೇಕು ಎಂದಾಯಿತು. ಗುಂಪಿಲ್ಲದೆ ಮರೆಯಿಲ್ಲ ಎಂಬುದನ್ನು ಕಂಪನಿ ತಾನೇ ಒಪ್ಪಿಕೊಂಡಂತೆ. ಆದರೆ ‘ಹಲವು’ ಎಂದರೆ ಎಷ್ಟು? ಅದನ್ನು ನಿಗದಿ ಮಾಡುವವರು ನಕ್ಷೆ ಬರೆಯುವವರೇ. ನಮ್ಮ ಕಾಯ್ದೆಯಲ್ಲಿ ಅದಕ್ಕೊಂದು ಕನಿಷ್ಠ ಸಂಖ್ಯೆಯಿಲ್ಲ.