ಬಿಡಾರ

ಶರಾವತಿ ದಂಡೆಯ ಹೊನ್ನೆಮರಡಿನ ಹಿನ್ನೀರಿನ ನಡುಗಡ್ಡೆಗಳಲ್ಲಿ ಗುಡಾರ ಹಾಕಿ ರಾತ್ರಿ ಕಳೆಯುವುದಕ್ಕೆ ಈಗ ‘ಕ್ಯಾಂಪಿಂಗ್’ ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಹಳೆಯ ಮಾತಿದೆ: ಬಿಡಾರ. ಬಿಡು, ಬೀಡು, ಬಿಡಾರ ಎಲ್ಲ ಒಂದೇ ಬಳ್ಳಿಯವು. ಗಾಡಿ ಬಿಟ್ಟು, ಎತ್ತಿನ ಕೊರಳು ಬಿಚ್ಚಿದ ಜಾಗವೇ ಬಿಡಾರ.

ಬ್ರಿಟಿಷ್ ಪ್ರವಾಸಿ ಬುಕಾನನ್ 1801ರಲ್ಲಿ ಇದೇ ಮಲೆನಾಡಿನ ಇಕ್ಕೇರಿ, ನಗರದ ಕಡೆ ಹಾದುಹೋದ ಕಾಲ. ಅವನ ದೇಶದಲ್ಲಿ ಸಂಸಾರ ಸಮೇತ ಹೊರಟವರು ದಾರಿಬದಿಯ ವಸತಿಗೃಹದಲ್ಲಿ ಊಟಕ್ಕಿಷ್ಟು, ಹಾಸಿಗೆಗಿಷ್ಟು ಎಂದು ಕಾಸು ಕೊಡುತ್ತಿದ್ದರು. ಇಲ್ಲಿ ಅಕ್ಕಿ, ಪಾತ್ರೆ, ಚಾಪೆ ಜೊತೆಯಲ್ಲೇ ಬರುತ್ತಿದ್ದವು. ಹೊಳೆಯ ದಂಡೆಯಲ್ಲಿ ಮೂರು ಕಲ್ಲಿಟ್ಟರೆ ಒಲೆ. ಕತ್ತಲಾದರೆ ಛತ್ರ, ಮಠ, ಇಲ್ಲವೇ ನೆಂಟರ ಮನೆ. ಕೈಕಾಲಿಗೆ ನೀರು, ಬಾಯಿಗೆ ಬೆಲ್ಲ, ಮಲಗಲು ಜಗಲಿ. ಹೆಂಗಸರು ಮಕ್ಕಳು ಒಳಗೆ. ಅನ್ನಕ್ಕೆ ದುಡ್ಡು ಕೇಳುವುದು ನಾಚಿಕೆಯ ಸಂಗತಿಯಾಗಿತ್ತು. ಆದರೆ ಆ ಜಗಲಿಯನ್ನು ಯಾರು ಹತ್ತಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಅದನ್ನು ಮರೆತು ಹಳೆಯ ಆತಿಥ್ಯವನ್ನು ಹೊಗಳುವುದು ನನ್ನಿಂದಾಗದು.

ಬಿಡಾರವೆಂಬ ಮಾತು ಮಾತ್ರ ಎಲ್ಲರಿಗೂ ಒದಗಿತು. ಯಕ್ಷಗಾನ ಮೇಳದವರು ಹಗಲು ನಿದ್ದೆ ಮಾಡುವ ಬಿಡಾರ, ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದವರ ಸೋಗೆಯ ಬಿಡಾರ, ಅಪ್ಪನಿಂದ ಬೇರೆಯಾದ ಮಗ ಹೂಡಿದ ಬಿಡಾರ. ಮನೆಯನ್ನು ಕಟ್ಟುತ್ತೇವೆ, ಬಿಡಾರವನ್ನು ಹೂಡುತ್ತೇವೆ, ಕೀಳುತ್ತೇವೆ. ಎತ್ತು ಬಿಟ್ಟಲ್ಲಿ ಹುಟ್ಟಿದ ಪದಕ್ಕೆ ಎತ್ತು ಹೂಡುವ ಕ್ರಿಯಾಪದವೇ ಜೋಡಿಯಾದದ್ದು ನನಗೆ ಬಲು ಚೆಂದವೆನಿಸುತ್ತದೆ. ನಿಲ್ಲುವಾಗಲೇ ಮತ್ತೆ ಹೊರಡುವ ಮಾತು ಅದರೊಳಗಿದೆ.

ಆ ಚೆಂದ ಸುಳ್ಳಾದದ್ದೂ ಹೊನ್ನೆಮರಡಿನ ಇದೇ ಹಿನ್ನೀರಿನ ದಂಡೆಯಲ್ಲಿ. 1964ರಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು; ಶರಾವತಿ ಕಣಿವೆಯ ಊರುಗಳು ಮುಳುಗಿದವು. ಗದ್ದೆ, ತೋಟ, ಮನೆ ಇದ್ದವರು ಮಕ್ಕಳು, ದನಕರು, ಪಾತ್ರೆಪಗಡೆಯೊಂದಿಗೆ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಸಾಗಿದರು. ಅದೂ ಸಂಸಾರದ ಪಯಣವೇ. ಆದರೆ ಹಿಂದಿರುಗಲು ಊರಿರಲಿಲ್ಲ. ಕಾಡು ಸವರಿ ಹೂಡಿದ ಬಿಡಾರದಲ್ಲೇ ಮದುವೆಗಳಾದವು, ಮೊಮ್ಮಕ್ಕಳು ಹುಟ್ಟಿದರು, ಸೋಗೆ ಹೋಗಿ ಹೆಂಚು ಬಂತು. ಹಲವರಿಗೆ ಆ ನೆಲದ ಹಕ್ಕುಪತ್ರ ಮಾತ್ರ ಇವತ್ತಿಗೂ ಬಂದಿಲ್ಲ.

ನಾಡಿಗೆಲ್ಲ ಬೆಳಕು ಕೊಟ್ಟ ಕುಟುಂಬಗಳಿವು. ಅರವತ್ತು ವರ್ಷ ಒಲೆ ಉರಿದ ಮನೆಯನ್ನು ಸರ್ಕಾರದ ಕಡತ ಇನ್ನೂ ಬಿಡಾರವೆಂದೇ ಓದುತ್ತಿದೆ.