ಶಾಸನವಿಲ್ಲದ ಚಿತ್ರ: ಆನಂದಪುರದ ಚಂಪಕ ಸರಸಿ ಮತ್ತು ಜಾಲತಾಣ ಯುಗದ ಛಾಯಾಗ್ರಹಣ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಆನಂದಪುರವು ಮಲೆನಾಡಿನ ಪ್ರಾಚೀನ ಊರುಗಳಲ್ಲೊಂದು. ಹುಂಚದ ಸಾಂತರರ ಶಾಸನಗಳಲ್ಲಿ ಜಿನದತ್ತರಾಯನ ವೃತ್ತಾಂತದೊಂದಿಗೆ ಬರುವ ಅಂಧಾಸುರವನ್ನು ಬಿ. ಎಲ್. ರೈಸ್ ಅವರು ಈ ಊರಿನೊಂದಿಗೆ ಗುರುತಿಸಿದ್ದಾರೆ. ಮುಂದೆ ಇದು ಕೆಳದಿಯ ಅರಸರ ಆಳ್ವಿಕೆಗೆ ಸೇರಿತು. ಊರಿಗೆ ಸಮೀಪದ ಮಲಂದೂರಿನಲ್ಲಿ, ಮಹಂತಿನ ಮಠದ ಬಳಿ ಇರುವ ಪುಷ್ಕರಣಿಯೇ ಚಂಪಕ ಸರಸಿ. ಜಂಬಿಟ್ಟಿಗೆಯ ಸೋಪಾನಗಳು, ನೀರಿನ ನಡುವೆ ನಿಂತ ಪುಟ್ಟ ಮಂಟಪ, ಅಲ್ಲಿಗೆ ಕರೆದೊಯ್ಯುವ ಕಿರಿದಾದ ಕಲ್ಲಿನ ಸೇತುವೆ, ದಡದಲ್ಲಿ ಕಲ್ಲಿನ ಆನೆಗಳು. ಕೆಳದಿ ವಾಸ್ತುಪರಂಪರೆಯ ಜಲನಿರ್ಮಾಣಗಳಲ್ಲಿ ಇದಕ್ಕೆ ವಿಶಿಷ್ಟ ಸ್ಥಾನವಿದೆ.

ಬಹುಕಾಲ ಈ ಕೊಳವನ್ನು ಬಲ್ಲವರು ಸುತ್ತಲಿನ ಗ್ರಾಮಸ್ಥರು, ಮಠದ ಭಕ್ತರು ಮತ್ತು ಕೆಳದಿಯ ಇತಿಹಾಸದಲ್ಲಿ ಆಸಕ್ತಿಯುಳ್ಳ ಕೆಲವರು ಮಾತ್ರ. ಇಂದು ಅದರ ಚಿತ್ರಗಳು ಲಕ್ಷಾಂತರ ಮೊಬೈಲ್ ಪರದೆಗಳನ್ನು ಹಾದುಹೋಗುತ್ತಿವೆ. ಡ್ರೋನ್ ಮೂಲಕ ಮೇಲಿನಿಂದ ತೆಗೆದ ಚೌಕಾಕಾರದ ನೋಟವೇ ಅದರ ಗುರುತಾಗಿಬಿಟ್ಟಿದೆ. ಚಿತ್ರದ ಜೊತೆಗೆ ಒಂದು ಕಥೆಯೂ ಸಾಗುತ್ತದೆ. ಕೆಳದಿಯ ವೆಂಕಟಪ್ಪನಾಯಕನು ರಂಗೋಲಿ ಬಿಡಿಸುತ್ತಿದ್ದ ಚಂಪಕಾ ಎಂಬ ಯುವತಿಗೆ ಮನಸೋತನು; ಅದರಿಂದ ಪಟ್ಟದರಸಿ ನೊಂದು ಕೊರಗಿ ಮಡಿದಳು; ಅದಕ್ಕೆ ತಾನೇ ಕಾರಣಳೆಂದು ಬಗೆದ ಚಂಪಕಾ ವಜ್ರದ ಪುಡಿ ಬೆರೆತ ಹಾಲು ಕುಡಿದು ಪ್ರಾಣಬಿಟ್ಟಳು; ಅವಳ ನೆನಪಿಗಾಗಿ ಅರಸನು ಈ ಸರೋವರವನ್ನು ಕಟ್ಟಿಸಿದನು. ಇದು ಜನಪದರ ನಾಲಗೆಯ ಮೇಲೆ ಉಳಿದು ಬಂದ ಐತಿಹ್ಯ. ಆದರೆ ಚಿತ್ರದ ಕೆಳಗಿನ ಎರಡು ಸಾಲುಗಳಲ್ಲಿ ‘ಎಂಬ ಪ್ರತೀತಿ’ ಎನ್ನುವ ಮಾತು ಉದುರಿಹೋಗುತ್ತದೆ. ಐತಿಹ್ಯವು ಇತಿಹಾಸವಾಗುತ್ತದೆ, ಪಕ್ಕದಲ್ಲೇ ಇರುವ ಮಠವು ಚೌಕಟ್ಟಿನಿಂದ ಹೊರಗುಳಿಯುತ್ತದೆ, ಚಿತ್ರ ತೆಗೆದವನ ಹೆಸರು ಮೂರನೆಯ ಕೈಗೆ ದಾಟುವಷ್ಟರಲ್ಲಿ ಅಳಿಸಿಹೋಗುತ್ತದೆ.

ಹಂಚಿಕೆ ಹೊಸದಲ್ಲ, ಚಿತ್ರವೂ ಹೊಸದಲ್ಲ. ಹಂಚುವಾಗ ಯಾವುದನ್ನು ಜೊತೆಗೆ ಕಳುಹಿಸುತ್ತೇವೆ, ಯಾವುದನ್ನು ಬಿಟ್ಟುಬಿಡುತ್ತೇವೆ ಎಂಬುದರಲ್ಲಿ ನಿಜವಾದ ಬದಲಾವಣೆ ಅಡಗಿದೆ. ಅದನ್ನು ಗ್ರಹಿಸಲು ಸಾಗರ, ಹೊಸನಗರ, ತೀರ್ಥಹಳ್ಳಿ ಪರಿಸರದ ಇತಿಹಾಸದಲ್ಲಿಯೇ ಸಾಕಷ್ಟು ಸಾಮಗ್ರಿಯಿದೆ.

ಎರಡು ಸ್ಮಾರಕಗಳು

ಹೊಸನಗರ ತಾಲೂಕಿನ ಹುಂಚದಲ್ಲಿರುವ ಪಂಚಬಸದಿಯೂ ಒಂದು ಸ್ಮಾರಕವೇ. ಉರ್ವೀತಿಲಕವೆಂದು ಹೆಸರಾದ ಈ ಪಂಚಕೂಟ ಜಿನಾಲಯವನ್ನು ಕಟ್ಟಿಸಿದವಳು ಚಟ್ಟಲದೇವಿ. ತೀರಿಹೋದ ತಂಗಿಯ ಮಕ್ಕಳಾದ ಸಾಂತರ ಕುಮಾರರನ್ನು ಸ್ವಂತ ಮಕ್ಕಳಂತೆ ಸಾಕಿದ ಆಕೆ, ಅಗಲಿದ ಬಂಧುಗಳ ಪುಣ್ಯಾರ್ಥವಾಗಿ ಈ ಬಸದಿಯನ್ನು ಮಾಡಿಸಿದಳು. ಇದನ್ನು ಯಾರೂ ಊಹಿಸಬೇಕಾಗಿಲ್ಲ, ಕ್ರಿ.ಶ. 1077ರ ಶಾಸನವೇ ಹೇಳುತ್ತದೆ. ಅರಸರ ವಂಶಾವಳಿ, ಗುರುಪರಂಪರೆ, ದಾನ, ಕಾಲ ಎಲ್ಲವೂ ಕಲ್ಲಿನ ಮೇಲಿವೆ.

ಶಾಸನವೆಂದರೆ ಒಂದು ಅರ್ಥದಲ್ಲಿ ಸಾರ್ವಜನಿಕ ಹಂಚಿಕೆಯೇ. ಹೋಗಿಬರುವವರೆಲ್ಲ ನೋಡಲೆಂದೇ ಅದನ್ನು ನಿಲ್ಲಿಸುತ್ತಿದ್ದರು. ಆದರೆ ಅದಕ್ಕೊಂದು ಕ್ರಮವಿತ್ತು. ಕೊಟ್ಟವರಾರು, ಪಡೆದವರಾರು, ಯಾವ ಶಕವರ್ಷ, ಯಾವ ತಿಥಿ, ಸೀಮೆ ಯಾವುದು ಎಂಬುದನ್ನು ಹೇಳದೆ ಶಾಸನ ಪೂರ್ಣವಾಗುತ್ತಿರಲಿಲ್ಲ. ಹಲವು ಶಾಸನಗಳಲ್ಲಿ ಬರೆದವನ, ಕಂಡರಿಸಿದವನ ಹೆಸರೂ ಇರುತ್ತದೆ. ಕೊನೆಯಲ್ಲಿ ಬರುವ ಶಾಪಾಶಯವು ಬರೆದುದನ್ನು ಕೆಡಿಸಬಾರದೆಂದು ಎಚ್ಚರಿಸುತ್ತದೆ.

ಹೀಗೆ ಒಂದೇ ಸೀಮೆಯಲ್ಲಿ ಅಗಲಿಕೆಯ ಎರಡು ಸ್ಮಾರಕಗಳಿವೆ. ಒಂದಕ್ಕೆ ಮಾತಿನ ಆಧಾರವಿದೆ, ಇನ್ನೊಂದಕ್ಕೆ ನೆನಪಿನ ಆಧಾರವಿದೆ. ಜಾಲತಾಣದಲ್ಲಿ ಎರಡನೆಯದು ಬೇಗನೆ ಹರಡುವುದು ಸಹಜ. ಪ್ರೇಮ ಮತ್ತು ಸಾವಿನ ಕಥೆ ಎರಡು ಸಾಲಿನಲ್ಲಿ ಹಿಡಿಸುತ್ತದೆ. ಚಟ್ಟಲದೇವಿಯ ಬದುಕು ಹಿಡಿಸುವುದಿಲ್ಲ.

ಪತ್ರಗಳ ಕಾಲದ ಹಂಚಿಕೆ

ವೆಂಕಟಪ್ಪನಾಯಕನ ಆಳ್ವಿಕೆಯಲ್ಲಿಯೇ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಪೋರ್ಚುಗೀಸ್ ರಾಯಭಾರಿಯೊಂದಿಗೆ ಗೋವೆಯಿಂದ ಹೊರಟು, ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಗೆ ಬಂದನು. ಕಂಡದ್ದನ್ನೆಲ್ಲ ನೇಪಲ್ಸ್ ನಗರದಲ್ಲಿದ್ದ ತನ್ನ ವೈದ್ಯಮಿತ್ರ ಮಾರಿಯೋ ಸ್ಕಿಪಾನೋನಿಗೆ ಪತ್ರರೂಪದಲ್ಲಿ ಬರೆದನು. ಪ್ರತಿ ಪತ್ರಕ್ಕೂ ಸ್ಥಳವಿತ್ತು, ತಾರೀಖಿತ್ತು. ಅರಸನ ಸಭೆ, ದೇವಾಲಯ, ಬೀದಿ, ಉತ್ಸವ ಎಲ್ಲವನ್ನೂ ಅವನು ಕಣ್ಣಾರೆ ಕಂಡಂತೆ ದಾಖಲಿಸಿದ್ದಾನೆ.

ಅವನ ಬರಹದ ಒಂದು ಪ್ರಸಂಗ ಇಲ್ಲಿ ವಿಶೇಷವಾಗಿ ಉಲ್ಲೇಖನೀಯ. ಗಂಡನನ್ನು ಕಳೆದುಕೊಂಡು ಸಹಗಮನಕ್ಕೆ ಸಿದ್ಧಳಾಗಿದ್ದ ಒಬ್ಬ ತೆಲುಗು ಹೆಣ್ಣುಮಗಳನ್ನು ಅವನು ಇಕ್ಕೇರಿಯಲ್ಲಿ ಕಂಡು ಮಾತನಾಡಿಸಿದನು. ಆ ನಿರ್ಧಾರದಿಂದ ಹಿಂದೆ ಸರಿಯುವಂತೆ ಕೇಳಿಕೊಂಡನು. ಆಕೆ ಒಪ್ಪಲಿಲ್ಲ. ಆಗ ಅವನು ಅವಳ ಹೆಸರನ್ನು ಕೇಳಿ ಬರೆದುಕೊಂಡನು, ತನ್ನ ಲೇಖನಿಯಿಂದ ಸಾಧ್ಯವಾದಷ್ಟು ಆ ಹೆಸರನ್ನು ಲೋಕದಲ್ಲಿ ಉಳಿಸುವೆನೆಂದು ಮಾತುಕೊಟ್ಟನು. ಇಟಾಲಿಯನ್ ಅಕ್ಷರಗಳಲ್ಲಿ ಅವನು ಬರೆದುಕೊಂಡ ಹೆಸರು ‘ಜಕ್ಕಮ್ಮ’ ಎಂದು ಓದಿಕೊಳ್ಳುವಂತಿದೆ. ಆಕೆಯ ಗಂಡ ವಾದ್ಯ ಬಾರಿಸುವವನಾಗಿದ್ದನೆಂಬುದೂ ದಾಖಲಾಗಿದೆ. ಅರಸನ ಕಣ್ಣಿಗೆ ಬೀಳದ ಒಬ್ಬ ಬಡ ಹೆಂಗಸು, ನೋಡಿದವನು ಹೆಸರು ಕೇಳಿದ ಒಂದೇ ಕಾರಣದಿಂದ, ನಾಲ್ಕು ಶತಮಾನಗಳ ನಂತರವೂ ಇತಿಹಾಸದಲ್ಲಿದ್ದಾಳೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಈ ಭಾಗದಲ್ಲೇ ಇದೆ. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೈನ್ಯ ಬಿದನೂರನ್ನು, ಎಂದರೆ ಇಂದಿನ ಹೊಸನಗರ ತಾಲೂಕಿನ ನಗರವನ್ನು ವಶಪಡಿಸಿಕೊಂಡು, ಆನಂದಪುರದ ಕೋಟೆಯ ಮೇಲೂ ದಾಳಿ ಮಾಡಿತು. ಅಲ್ಲಿ ನೂರಾರು ಸ್ತ್ರೀಯರ ಹತ್ಯೆ ನಡೆಯಿತೆಂಬ ಕಿರಿಯ ಸೈನಿಕನೊಬ್ಬನ ಪತ್ರವು ಲಂಡನ್ನಿನ ‘ಆ್ಯನ್ಯುಯಲ್ ರಿಜಿಸ್ಟರ್’ನಲ್ಲಿ ಅಚ್ಚಾಗಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಮುಂಬಯಿ ಸೈನ್ಯದ ಅಧಿಕಾರಿಗಳು ಆ ವರ್ಣನೆಯನ್ನು ಬಹಿರಂಗವಾಗಿ ಅಲ್ಲಗಳೆದರು. ಪ್ರಕಾಶಕರು ಮುಂದೆ ಅದನ್ನು ಹಿಂತೆಗೆದುಕೊಂಡರು. ಆದರೂ ಆ ಪತ್ರ ಸುಮ್ಮನಾಗಲಿಲ್ಲ. ಬ್ರಿಟಿಷ್ ಭಾರತದ ಇತಿಹಾಸ ಬರೆದ ಜೇಮ್ಸ್ ಮಿಲ್‌ನವರೆಗೂ ಚರ್ಚೆ ಮುಂದುವರಿಯಿತು. ಕಂಡವನ ಮಾತಿಗೂ ಅದನ್ನು ಅಲ್ಲಗಳೆಯುವವರ ಹಿತಾಸಕ್ತಿಗೂ ನಡುವೆ ಸತ್ಯವನ್ನು ತೂಗುವುದು ಎಷ್ಟು ಕಷ್ಟವೆಂಬುದನ್ನು, ಮೊದಲು ಹರಡಿದ ಮಾತನ್ನು ತಿದ್ದುಪಡಿಯು ಬೆನ್ನಟ್ಟಿ ಹಿಡಿಯಲಾರದೆಂಬುದನ್ನು ಈ ಪ್ರಕರಣ ತೋರಿಸುತ್ತದೆ.

ಕ್ಯಾಮೆರಾ ಬಂದ ಬಗೆ

ಕರ್ನಾಟಕದಲ್ಲಿ ಛಾಯಾಗ್ರಹಣ ಮತ್ತು ಶಾಸನಾಧ್ಯಯನಗಳು ಜೊತೆಜೊತೆಯಾಗಿ ಬೆಳೆದವು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸಂಸ್ಥಾನದ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಈಗಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಶಾಸನಗಳೂ ಅವುಗಳಲ್ಲಿದ್ದವು. ಮರುವರ್ಷ, 1866ರಲ್ಲಿ, ಪಿಗೌ, ನೀಲ್ ಮತ್ತು ಬಿಗ್ಸ್ ಅವರ ಛಾಯಾಚಿತ್ರಗಳನ್ನೊಳಗೊಂಡ, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪ ಕುರಿತ ಗ್ರಂಥವು ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ವಿವರಣೆ ಬರೆದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್. ಡಿಕ್ಸನ್ನನ ಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರಿಗೆ ಬಂದಿತು. ಅದರ ಫಲವೇ 1879ರ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’. ಅಲ್ಲಿಂದ ಬೆಳೆದ ಕೆಲಸವು ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಾಯಿತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕುಗಳ ಶಾಸನಗಳನ್ನು ಒಳಗೊಂಡ ಎಂಟನೆಯ ಸಂಪುಟ 1904ರಲ್ಲಿ ಹೊರಬಂದಿತು.

ಒಬ್ಬನು ತೆಗೆದ ಚಿತ್ರವನ್ನು ಇನ್ನೊಬ್ಬನು ಓದಿದನು. ಓದಿದ್ದನ್ನು ಮೂರನೆಯವನು ತಿದ್ದಿದನು. ಚಿತ್ರವು ಎಲ್ಲಿಯದು, ಯಾವ ಕಲ್ಲಿನದು ಎಂಬ ಗುರುತು ಕಳೆಯದೆ ಇದ್ದುದರಿಂದಲೇ ಈ ಸರಪಳಿ ಸಾಧ್ಯವಾಯಿತು.

ಇಪ್ಪತ್ತನೆಯ ಶತಮಾನದ ಹವ್ಯಾಸಿ ಛಾಯಾಗ್ರಹಣವೂ ಈ ಶಿಸ್ತನ್ನು ಬೇರೊಂದು ರೀತಿಯಲ್ಲಿ ಉಳಿಸಿಕೊಂಡಿತು. 35 ಎಂ.ಎಂ. ಫಿಲ್ಮ್ ಸುರುಳಿಯಲ್ಲಿ ಇದ್ದದ್ದು 36 ಅವಕಾಶಗಳು ಮಾತ್ರ. 1971ರಲ್ಲಿ ಆರಂಭವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಕೂಟಗಳಲ್ಲಿ ಚಿತ್ರವನ್ನು ಹಿರಿಯರ ಮುಂದಿಟ್ಟು ವಿಮರ್ಶೆ ಕೇಳಬೇಕಿತ್ತು. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿ (1938–2007) ಅವರು ಹಕ್ಕಿಗಳ ಬೆನ್ನು ಹತ್ತಿ ತೆಗೆದ ಚಿತ್ರಗಳ ಹಿಂದೆ ದೀರ್ಘಕಾಲದ ಕಾಯುವಿಕೆಯಿದೆ. ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕದಲ್ಲಿ ಹಕ್ಕಿಯು ಬರಿಯ ಚೆಲುವಾಗಿ ಬರುವುದಿಲ್ಲ. ಹೆಸರು, ಸ್ವಭಾವಗಳೊಂದಿಗೆ ಬರುತ್ತದೆ. ಚಿತ್ರ ಮತ್ತು ಮಾತು ಅಲ್ಲಿ ಒಂದನ್ನೊಂದು ಕಾಯುತ್ತವೆ.

ಜಾಲತಾಣ ತಂದ ಪಲ್ಲಟ

2010ರ ಅಕ್ಟೋಬರ್‌ನಲ್ಲಿ ಆರಂಭವಾದ ಇನ್‌ಸ್ಟಾಗ್ರಾಮ್, 2015ರವರೆಗೂ ಚೌಕಾಕಾರದ ಚಿತ್ರಗಳನ್ನಷ್ಟೇ ಸ್ವೀಕರಿಸುತ್ತಿತ್ತು. 2020ರ ಜುಲೈನಲ್ಲಿ ಭಾರತಕ್ಕೆ ಬಂದ ರೀಲ್ಸ್, ನಿಂತ ಚೌಕಟ್ಟಿನ ಕಿರು ವಿಡಿಯೋಗಳಿಗೆ ಮೊದಲ ಮಣೆ ಹಾಕಿತು. ಹೀಗೆ ಮಾಧ್ಯಮದ ಅಳತೆಗೆ ತಕ್ಕಂತೆ ಸ್ಮಾರಕದ ರೂಪವೂ ಕತ್ತರಿಸಲ್ಪಡುತ್ತದೆ. ಮೇಲಿನಿಂದ ಸಮಮಿತಿಯಾಗಿ ಕಾಣುವ ಚಂಪಕ ಸರಸಿ ಈ ಅಳತೆಗೆ ಒಪ್ಪುತ್ತದೆ. ಸಾಲುಸಾಲಾಗಿ ಓದಬೇಕಾದ ಶಾಸನ ಒಪ್ಪುವುದಿಲ್ಲ. ಮೆಚ್ಚುಗೆಯ ಸಂಖ್ಯೆಯೇ ಅಳತೆಗೋಲಾದಾಗ, ಮುಂದೆ ಬರುವವನು ಹೊಸ ಕೋನವನ್ನು ಹುಡುಕುವುದರ ಬದಲು, ಈಗಾಗಲೇ ಗೆದ್ದ ಕೋನದಲ್ಲಿಯೇ ನಿಲ್ಲುತ್ತಾನೆ. ಒಂದೇ ಚಿತ್ರವನ್ನು ಸಾವಿರ ಜನರು ಮತ್ತೆ ಮತ್ತೆ ತೆಗೆಯುತ್ತಾರೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದಂಥದ್ದು. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಕಡತದೊಳಗೆ ದಿನಾಂಕ, ಸಮಯ, ಉಪಕರಣ ಮತ್ತು ಅನುಮತಿಯಿದ್ದರೆ ಸ್ಥಳವನ್ನೂ ತಾನಾಗಿಯೇ ಬರೆದಿಡುತ್ತದೆ. ಅದನ್ನು ಚಿತ್ರದ ಶಾಸನವೆನ್ನಬಹುದು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಕಳುಹಿಸಿದಾಗ ಚಿತ್ರ ಕುಗ್ಗುವುದರ ಜೊತೆಗೆ ಈ ವಿವರಗಳು ಕಳಚಿಹೋಗುತ್ತವೆ. ಕಡತವಾಗಿ ಕಳುಹಿಸಿದರೆ ಉಳಿಯುತ್ತವೆ. 1957ರ ಕೃತಿಸ್ವಾಮ್ಯ ಕಾಯಿದೆಯು ಪ್ರಕಟಿತ ಛಾಯಾಚಿತ್ರಕ್ಕೆ ಕರ್ತೃವಿನ ಜೀವಿತಾವಧಿ ಮತ್ತು ಅದರ ನಂತರದ 60 ವರ್ಷಗಳ ರಕ್ಷಣೆಯನ್ನು ನೀಡುತ್ತದೆ. ತನ್ನ ಕೃತಿಗೆ ತಾನೇ ಕರ್ತೃವೆಂದು ಹೇಳಿಕೊಳ್ಳುವ ವಿಶೇಷ ಹಕ್ಕನ್ನು ಅದರ 57ನೆಯ ಕಲಂ ಮಾನ್ಯ ಮಾಡುತ್ತದೆ. ಆದರೆ ಹೆಸರೇ ಉಳಿಯದ ಕೃತಿಗೆ ಕಾನೂನಿನ ಶಾಪಾಶಯವೂ ತಟ್ಟುವುದಿಲ್ಲ.

ಹಾಗೆಂದು ಜಾಲತಾಣವು ಕೆಡುಕನ್ನೇ ತಂದಿತೆನ್ನುವುದು ನ್ಯಾಯವಲ್ಲ. ಹೂಳು, ಗಿಡಗಂಟಿಗಳಿಂದ ಸೊರಗಿದ್ದ ಚಂಪಕ ಸರಸಿಯನ್ನು ಜಲತಜ್ಞ ಶಿವಾನಂದ ಕಳವೆ ಅವರ ಮಾರ್ಗದರ್ಶನದಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಪುನಶ್ಚೇತನಗೊಳಿಸಿದ್ದು ಈಚಿನ ವರ್ಷಗಳ ಸತ್ಕಾರ್ಯ. ತುಂಬಿದ ಕೊಳದ ಚಿತ್ರಗಳು ಹರಡಿ, ಮರೆತುಹೋಗಿದ್ದ ಕೆಳದಿಯ ಜಲಪರಂಪರೆಯತ್ತ ನಾಡಿನ ಗಮನವನ್ನು ಸೆಳೆದವು. ಹಿಂದೆ ಸರ್ಕಾರಿ ಇಲಾಖೆಯ ಕೈಯಲ್ಲಷ್ಟೇ ಇದ್ದ ಕ್ಯಾಮೆರಾ ಇಂದು ಹೊಲದಲ್ಲಿ ವೀರಗಲ್ಲನ್ನು ಕಂಡ ರೈತನ ಜೇಬಿನಲ್ಲಿದೆ. ಅವನು ಕಳುಹಿಸಿದ ಚಿತ್ರವನ್ನು ದೂರದ ವಿದ್ವಾಂಸರು ಅದೇ ದಿನ ಓದಬಲ್ಲರು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಂರಕ್ಷಿಸುತ್ತಿರುವುದು, ಹೊಸ ತಂತ್ರಜ್ಞಾನ ಹಳೆಯ ಶಿಸ್ತನ್ನು ಬಿಡಬೇಕಾಗಿಲ್ಲ ಎಂಬುದಕ್ಕೆ ಸಾಕ್ಷಿ. 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ತಾಣವು ಕರ್ತೃ, ದಿನಾಂಕ, ಮೂಲ, ಪರವಾನಗಿಗಳ ವಿವರವನ್ನು ಕೇಳಿಯೇ ಚಿತ್ರವನ್ನು ಸ್ವೀಕರಿಸುತ್ತದೆ. ಹಂಚಿಕೆಯೂ ದಾಖಲೆಯೂ ಒಂದೇ ಕಡೆ ಇರಬಹುದೆಂಬುದಕ್ಕೆ ಇದು ನಿದರ್ಶನ.

ಚಿತ್ರಕ್ಕೊಂದು ಶಾಸನ

ಆದ್ದರಿಂದ ಬೇಕಾಗಿರುವುದು ಹಂಚಿಕೆಯ ನಿಷೇಧವಲ್ಲ, ಅದರ ಜೊತೆಗೆ ಮೂರು ಸಾಲುಗಳ ಶಾಸನ. ಸ್ಥಳ ಮತ್ತು ದಿನಾಂಕ ಒಂದು ಸಾಲು. ಚಿತ್ರ ತೆಗೆದವರ ಹೆಸರು ಇನ್ನೊಂದು. ಹೇಳುತ್ತಿರುವ ಕಥೆ ಶಾಸನದ್ದೋ, ಗ್ರಂಥದ್ದೋ, ಜನರ ಬಾಯಲ್ಲಿ ಉಳಿದದ್ದೋ ಎಂಬುದು ಮೂರನೆಯದು. ಸಂಶೋಧಕನಿಗೆ ಈ ಮೂರನೆಯ ಸಾಲು ಅತ್ಯಂತ ಅಮೂಲ್ಯ. ಐತಿಹ್ಯವನ್ನು ಐತಿಹ್ಯವೆಂದು ಕರೆದರೆ ಅದರ ಬೆಲೆ ಕುಗ್ಗುವುದಿಲ್ಲ. ತಲೆಮಾರುಗಳ ಕಾಲ ಒಂದು ಜನಪದವು ಯಾರಿಗಾಗಿ ಮರುಗಿತೆಂಬುದಕ್ಕೆ ಅದೇ ಪ್ರಮಾಣ. ಅದನ್ನು ಇತಿಹಾಸವೆಂದು ಹೆಸರಿಸಿದಾಗ ಮಾತ್ರ ಐತಿಹ್ಯವೂ ಕೆಡುತ್ತದೆ, ಇತಿಹಾಸವೂ ಕೆಡುತ್ತದೆ.

ಚಟ್ಟಲದೇವಿಯನ್ನು ಕಲ್ಲು ಉಳಿಸಿತು, ಜಕ್ಕಮ್ಮನನ್ನು ಒಬ್ಬ ಪರದೇಶಿಯ ಪತ್ರ ಉಳಿಸಿತು, ಚಂಪಕಾಳನ್ನು ಜನರ ನಾಲಗೆ ಉಳಿಸಿತು. ಇಂದಿನ ಚಿತ್ರಗಳು ಅವಳ ಕೊಳವನ್ನು ಹಿಂದೆಂದೂ ಇಲ್ಲದಷ್ಟು ಕಣ್ಣುಗಳಿಗೆ ತೋರಿಸುತ್ತಿವೆ. ಆ ಚಿತ್ರಗಳನ್ನು ಮುಂದೊಂದು ದಿನ ಎದುರಿಗಿಟ್ಟುಕೊಳ್ಳುವ ಓದುಗನಿಗೆ, ಅವು ಎಂದು, ಯಾರ ಕಣ್ಣಿನಿಂದ ಕಂಡವು ಎಂದು ತಿಳಿಸುವ ಒಂದು ಸಾಲಾದರೂ ಉಳಿದಿರಬೇಕು.