ಮಧ್ಯಸ್ಥಿಕೆಯ ಐತೀರ್ಪು ಮತ್ತು ಜಿಲ್ಲಾ ನ್ಯಾಯಾಲಯ

ವ್ಯಾಜ್ಯವನ್ನು ತಾವೇ ಒಪ್ಪಿದ ಮಧ್ಯಸ್ಥಗಾರನ ಮುಂದಿಟ್ಟು ಅವನ ಐತೀರ್ಪಿಗೆ ಬದ್ಧರಾಗುವುದು ಖಾಸಗಿ ಒಪ್ಪಂದ. ಸೋತವರು ಹಣ ಕೊಡದಿದ್ದಾಗ ಆಸ್ತಿ ಜಪ್ತಿ ಮಾಡಿಸುವ ಬಲ ಮಾತ್ರ ನ್ಯಾಯಾಲಯದ್ದು. ಆ ಬಲದ ಜೊತೆಗೆ ಐತೀರ್ಪನ್ನು ಪರಿಶೀಲಿಸುವ ಅಧಿಕಾರ ಎಷ್ಟಿರಬೇಕು ಎಂಬುದೇ ಭಾರತದ ಮಧ್ಯಸ್ಥಿಕೆ ಕಾನೂನಿನ ಚರಿತ್ರೆ.

1899ರ ಕಾಯ್ದೆ ಮುಖ್ಯವಾಗಿ ಪ್ರೆಸಿಡೆನ್ಸಿ ನಗರಗಳಿಗೆ ಸೀಮಿತವಾಗಿತ್ತು. ಬ್ರಿಟಿಷ್ ಭಾರತದ ಉಳಿದೆಡೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಎರಡನೇ ಅನುಸೂಚಿ ನಡೆಯುತ್ತಿತ್ತು. ಇವೆರಡನ್ನೂ ಒಂದುಗೂಡಿಸಿದ 1940ರ ಕಾಯ್ದೆ ನ್ಯಾಯಾಲಯಕ್ಕೆ ವಿಪರೀತ ಹಿಡಿತ ಕೊಟ್ಟಿತು. ಐತೀರ್ಪನ್ನು ಕೋರ್ಟಿಗೆ ಸಲ್ಲಿಸಬೇಕಿತ್ತು. ನ್ಯಾಯಾಧೀಶರು ಅದನ್ನು ತಿದ್ದಬಹುದಿತ್ತು, ಮರುವಿಚಾರಣೆಗೆ ಕಳಿಸಬಹುದಿತ್ತು, ರದ್ದೂ ಮಾಡಬಹುದಿತ್ತು. ಅವರು ಡಿಕ್ರಿ ಮಾಡಿದ ಮೇಲಷ್ಟೇ ಜಾರಿ. ಒಂದು ದಾವೆ ತಪ್ಪಿಸಲು ಹೋದವರಿಗೆ ಎರಡು ದಾವೆ ಗಂಟುಬೀಳುತ್ತಿತ್ತು. 1981ರಲ್ಲಿ ಗುರುನಾನಕ್ ಫೌಂಡೇಶನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿ ಈ ದುಃಸ್ಥಿತಿಯನ್ನು ಕಟುವಾಗಿ ಖಂಡಿಸಿದರು. ಆ ಖಂಡನೆ ನ್ಯಾಯವಾದದ್ದೇ.

ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗದ 1985ರ ಮಾದರಿಯನ್ನು ಆಧರಿಸಿದ 1996ರ ಕಾಯ್ದೆ ಈ ಹಿಡಿತವನ್ನು ಸಡಿಲಿಸಿತು. ಐತೀರ್ಪು ಡಿಕ್ರಿಯಂತೆಯೇ ಜಾರಿಯಾಗುತ್ತದೆ. ರದ್ದು ಕೋರುವವರು 34ನೇ ಕಲಮಿನಡಿ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣವಿದ್ದರೆ ಇನ್ನು 30 ದಿನ, ಅದರಾಚೆ ಅವಕಾಶವಿಲ್ಲ. ಈ ಅರ್ಜಿ ಜಿಲ್ಲೆಯ ಪ್ರಧಾನ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ, ಅದಕ್ಕಿಂತ ಕೆಳದರ್ಜೆಯ ಕೋರ್ಟಿಗಲ್ಲ. ಮುಂಬಯಿ, ಕೋಲ್ಕತಾ, ಚೆನ್ನೈ, ದೆಹಲಿ ಹೈಕೋರ್ಟುಗಳಿಗಿರುವ ಮೂಲ ಸಿವಿಲ್ ಅಧಿಕಾರ ಕರ್ನಾಟಕ ಹೈಕೋರ್ಟಿಗೆ ಇಲ್ಲವಾದ್ದರಿಂದ, ಇಲ್ಲಿನ ದೇಶೀಯ ಮಧ್ಯಸ್ಥಿಕೆಗಳಲ್ಲಿ ಜಿಲ್ಲಾ ನ್ಯಾಯಾಲಯವೇ ಮೊದಲ ಮೆಟ್ಟಿಲು. ಬೆಂಗಳೂರಿನಲ್ಲಿ ಸಿಟಿ ಸಿವಿಲ್ ಕೋರ್ಟು. 2015ರಿಂದೀಚೆಗೆ ನಿಗದಿತ ಮೌಲ್ಯದ ವಾಣಿಜ್ಯ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯಗಳಿಗೆ ಸೇರಿವೆ. ಜಾರಿಯ ಮಾತು ಬೇರೆ: ಸೋತವರ ಆಸ್ತಿ ಇರುವ ಊರಿನ ಕೋರ್ಟಿನಲ್ಲೇ ನೇರವಾಗಿ ಅರ್ಜಿ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸುಂದರಂ ಫೈನಾನ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಹೊಸ ಕಾಯ್ದೆಯಲ್ಲೂ ಒಂದು ದೊಡ್ಡ ಲೋಪವಿತ್ತು. 34ನೇ ಕಲಮಿನ ಅರ್ಜಿ ಹಾಕಿದರೆ ಸಾಕು, ಜಾರಿ ತಾನಾಗಿ ನಿಂತುಬಿಡುತ್ತಿತ್ತು. ಗೆದ್ದವರು ವರ್ಷಗಟ್ಟಲೆ ಕಾಯಬೇಕಿತ್ತು. 2015ರ ತಿದ್ದುಪಡಿಯ ನಂತರ ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಹಣದ ಐತೀರ್ಪಾದರೆ ಠೇವಣಿ ಅಥವಾ ಭದ್ರತೆಯ ಷರತ್ತು ವಿಧಿಸಬಹುದು.

ಐತೀರ್ಪನ್ನು ತಿದ್ದಬಹುದೇ ಎಂಬ ಪ್ರಶ್ನೆಗೆ 2021ರಲ್ಲಿ ಸುಪ್ರೀಂ ಕೋರ್ಟ್ ಇಲ್ಲವೆಂದಿತ್ತು. 2025ರ ಏಪ್ರಿಲ್‌ನಲ್ಲಿ ಗಾಯತ್ರಿ ಬಾಲಸಾಮಿ ಪ್ರಕರಣದಲ್ಲಿ ಐವರ ಪೀಠ 4:1 ಬಹುಮತದಿಂದ ಸೀಮಿತ ಅಧಿಕಾರವನ್ನು ಒಪ್ಪಿತು: ದೋಷವಿರುವ ಭಾಗವನ್ನು ಬೇರ್ಪಡಿಸಬಹುದು, ಲೆಕ್ಕ ಮತ್ತು ಬರಹದ ತಪ್ಪು ಸರಿಪಡಿಸಬಹುದು, ಐತೀರ್ಪಿನ ನಂತರದ ಬಡ್ಡಿಯನ್ನು ಬದಲಿಸಬಹುದು. ಭಿನ್ನಮತ ಬರೆದ ನ್ಯಾಯಮೂರ್ತಿ ಕೆ.ವಿ. ವಿಶ್ವನಾಥನ್, 34ನೇ ಕಲಮಿನಲ್ಲಿ ತಿದ್ದುವ ಅಧಿಕಾರವೇ ಇಲ್ಲವೆಂಬ ನಿಲುವು ತಳೆದರು.